ಈರುಳ್ಳಿ ಸಿಪ್ಪೆ ಬಣ್ಣದ ಖಾದಿ ಜುಬ್ಬಾ: ಎರಡು ವರ್ಷ ತೊಟ್ಟು, ಒಗೆದ ಮೇಲೆ

ಮೊದಲು ಬಿಳಿಚಿಕೊಳ್ಳುವುದು ಹೆಗಲು. ತಂತಿಯ ಮೇಲೆ ಬಿಸಿಲಿಗೇ ಒಣಹಾಕುತ್ತ ಬಂದರೆ ಕೆಲವೇ ತಿಂಗಳಲ್ಲಿ ಹೆಗಲು ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಅಂಚಿನ ಒಳಮಡಿಕೆ ಬಿಚ್ಚಿ ನೋಡಿದರೆ ಅಲ್ಲಿ ಮೊದಲಿನ ಜೇನುಬಣ್ಣ ಹಾಗೇ ಇರುತ್ತದೆ. ಸಿಪ್ಪೆಯ ಹಳದಿ ಕ್ವೆರ್ಸಿಟಿನ್ ಎಂಬ ಬಣ್ಣದ ಅಂಶದ್ದು, ಅದಕ್ಕೆ ಬಿಸಿಲು ಆಗಿಬರುವುದಿಲ್ಲ. ಬಣ್ಣವನ್ನು ನೂಲಿಗೆ ಕಚ್ಚಿಸುವ ಪಟಿಕ ಸರಿಯಾಗಿ ಹಿಡಿಸಿದ್ದರೆ ಒಗೆತಕ್ಕೆ ನಿಲ್ಲುತ್ತದೆ, ಬಿಸಿಲಿಗಲ್ಲ. ತರಕಾರಿ ಕಸದಿಂದ ಮಾಡಿದ್ದು ಎಂದು ಚೀಟಿ ಕಟ್ಟಿ ದುಬಾರಿ ಬೆಲೆಗೆ ಮಾರುವಾಗ ಈ ಮಾತನ್ನು ಯಾರೂ ಬರೆಯುವುದಿಲ್ಲ.

ಅದಕ್ಕೇ ಈ ಬಣ್ಣವನ್ನು ಮನೆಯಲ್ಲೇ ಹಾಕಿಕೊಳ್ಳುವುದು ಮೇಲು. ಜುಬ್ಬಾ 250 ಗ್ರಾಂ ಇದ್ದರೆ ಸಿಪ್ಪೆಯೂ 250 ಗ್ರಾಂ ಬೇಕು. ಕೇಳಲು ಕಡಿಮೆ, ಕೂಡಿಸಲು ಹೊತ್ತು ಹಿಡಿಯುತ್ತದೆ. ತರಕಾರಿ ಅಂಗಡಿಯವರನ್ನು ಕೇಳಿದರೆ ಗೋಣಿಯ ತಳದ್ದನ್ನೆಲ್ಲ ಸುರಿದು ಕೊಡುತ್ತಾರೆ. ಹೊರಗಿನ ಗರಿಗರಿ ಸಿಪ್ಪೆ ಮಾತ್ರ ಸಾಕು. ಹಸಿ ಪದರ ಸೇರಿದರೆ ಬೂಸ್ಟು, ವಾಸನೆ. ಪ್ಲಾಸ್ಟಿಕ್ ಬೇಡ, ಬಟ್ಟೆ ಚೀಲದಲ್ಲಿಡಿ.

ಬಟ್ಟೆಯನ್ನು 5 ಲೀಟರ್ ನೀರಿಗೆ 10 ಗ್ರಾಂ ವಾಷಿಂಗ್ ಸೋಡಾ ಹಾಕಿ ಒಂದು ಗಂಟೆ ಕುದಿಸಬೇಕು. ಬೆಳ್ಳಗಿದ್ದ ಬಟ್ಟೆಯಿಂದಲೂ ಕಂದು ನೀರು ಬರುತ್ತದೆ. ಬಣ್ಣ ತೇಪೆತೇಪೆಯಾಗುವುದು ಹೆಚ್ಚಾಗಿ ಈ ಹಂತ ಬಿಟ್ಟವರಿಗೆ. ಆಮೇಲೆ 40 ಗ್ರಾಂ ಅಳಲೆಕಾಯಿ ಪುಡಿಯ ಬಿಸಿನೀರಿನಲ್ಲಿ ಎರಡು ಗಂಟೆ ನೆನೆಸಿ, ಹಿಂಡಿ, ಜಾಲಿಸದೆ 38 ಗ್ರಾಂ ಪಟಿಕ ಕರಗಿಸಿದ ನೀರಿನಲ್ಲಿ ರಾತ್ರಿಯಿಡೀ. ಹತ್ತಿಗೆ ಪಟಿಕ ನೇರವಾಗಿ ಅಂಟುವುದು ಕಡಿಮೆ, ನಡುವೆ ಅಳಲೆಯಂಥ ಒಗರು ಬೇಕು. ಮಲೆನಾಡಿನವರಿಗೆ ಅಳಲೆಯೇ ಆಗಬೇಕೆಂದಿಲ್ಲ, ಅಡಿಕೆ ಬೇಯಿಸಿದ ಚೊಗರಿನಲ್ಲೂ ಒಗರುಂಟು, ಆದರೆ ಅದರ ಕೆಂಪು ಹಳದಿಯನ್ನು ಕೆಡಿಸುತ್ತದೆ. ಹೆಗ್ಗೋಡಿನ ಚರಕ ಎಂಬ ಮಹಿಳಾ ಕೈಮಗ್ಗ ಸಹಕಾರ ಸಂಘದವರು ಚೊಗರನ್ನೇ ಬಣ್ಣವಾಗಿ ಬಳಸುತ್ತಾರೆ.

ಸಿಪ್ಪೆ ರಾತ್ರಿ ನೆನೆಹಾಕಿ, ಬೆಳಿಗ್ಗೆ ಮುಕ್ಕಾಲು ಗಂಟೆ ಕಾಯಿಸುವ ಹೊತ್ತೇ ಇಡೀ ಕೆಲಸದ ಸುಖ. ನೀರು ಮೊದಲು ಚಹಾದ ಬಣ್ಣ, ಆಮೇಲೆ ಕಡುಕೆಂಪು. ಬಟ್ಟೆಯೂ ಹೀಗೇ ಕೆಂಪಾಗುತ್ತದೆಂದು ನಂಬಬೇಡಿ, ಹತ್ತುವುದು ಹಳದಿಯೇ. ಸಿಪ್ಪೆಯನ್ನು ಚೆನ್ನಾಗಿ ಸೋಸಿ. ಒಂದು ಚೂರು ಉಳಿದರೂ ಅದು ಕೂತಲ್ಲಿ ಕಂದು ಕಲೆ. ಒದ್ದೆ ಬಟ್ಟೆ ಇಳಿಸಿ ಮತ್ತೆ ಮುಕ್ಕಾಲು ಗಂಟೆ, ತಳದಿಂದ ಸಣ್ಣ ಗುಳ್ಳೆ ಏಳುವಷ್ಟೇ ಉರಿ. ಕೊತಕೊತ ಕುದಿಸಿದರೆ ಬಣ್ಣ ಮಂಕು. ಸ್ಟೀಲ್ ಪಾತ್ರೆಯೇ ಆಗಬೇಕು, ಮತ್ತೆ ಅದು ಅಡುಗೆಗೆ ಬೇಡ. ಒದ್ದೆಯಲ್ಲಿ ಕಂಡದ್ದಕ್ಕಿಂತ ಒಣಗಿದ ಮೇಲೆ ತೆಳು, ಗಾಬರಿ ಬೇಡ.

ನಿಂಬೆಹಣ್ಣು ಇದರ ಇನ್ನೊಂದು ವೈರಿ. ಚಿತ್ರಾನ್ನ ಕಲಸುವಾಗ ಹಾರಿದ ಹನಿಗೆ ಬಿಳಿ ಚುಕ್ಕೆ ಬೀಳುತ್ತದೆ. ಖಾರವಾದ ಸೋಪಿನ ಪುಡಿಗೆ ಹಳದಿ ಹೋಗಿ ಕಿತ್ತಳೆ ಛಾಯೆ. ಅಂಟುವಾಳದ ನೊರೆ, ತಣ್ಣೀರು, ಒಳಮೈ ಹೊರಗೆ ಮಾಡಿ ನೆರಳಲ್ಲಿ ಒಣಗಿಸುವುದು, ಇಷ್ಟು ಪಾಲಿಸಿದರೆ ಹೆಗಲು ವರ್ಷದ ಮೇಲೂ ತಡೆಯುತ್ತದೆ.

ಬಿಳಿಚಿದ ಜುಬ್ಬಾ ಬಿಸಾಡಬೇಡಿ. 4 ಗ್ರಾಂ ಅನ್ನಭೇದಿಯನ್ನು, ಅಂದರೆ ಕಬ್ಬಿಣದ ಲವಣವನ್ನು, ಉಗುರುಬೆಚ್ಚಗಿನ ನೀರಿನಲ್ಲಿ ಪೂರ್ತಿ ಕರಗಿಸಿ, ಬಟ್ಟೆಯನ್ನು ಹತ್ತು ನಿಮಿಷ ಕೈಬಿಡದೆ ಆಡಿಸಿ. ಕಣ್ಣೆದುರೇ ಹಳದಿ ಪಾಚಿಹಸಿರಿಗೆ, ಅಳಲೆ ಹೆಚ್ಚು ಹಿಡಿದಲ್ಲಿ ಬೂದಿಗೆ ತಿರುಗುತ್ತದೆ. ಹೆಗಲಿಗೂ ಬೆನ್ನಿಗೂ ಇದ್ದ ವ್ಯತ್ಯಾಸ ಬಹಳಮಟ್ಟಿಗೆ ಮುಚ್ಚಿಹೋಗುತ್ತದೆ, ಬಿಸಿಲನ್ನೂ ಇದು ಹಳದಿಗಿಂತ ಚೆನ್ನಾಗಿ ತಾಳುತ್ತದೆ. 5 ಗ್ರಾಂ ಮೀರಬೇಡಿ, ಕಬ್ಬಿಣ ಜಾಸ್ತಿಯಾದರೆ ನೂಲು ಲಡ್ಡಾಗುತ್ತದೆ.

ಸಿಪ್ಪೆ ಪುಕ್ಕಟೆ, ಪಟಿಕ ಅಗ್ಗ, ಗ್ಯಾಸ್ ಮಾತ್ರ ಭಾರ. ಎರಡು ಮೂರು ಗಂಟೆ ಒಲೆ ಉರಿಯುತ್ತದೆ. ಸೌದೆ ಒಲೆ ಇದ್ದವರಿಗೆ ಚಿಂತೆಯಿಲ್ಲ. ಮದುವೆಗೆ ಉಡುವ ಸೀರೆಗೆ ಈ ಬಣ್ಣ ಬೇಡ. ದಿನದ ಜುಬ್ಬಾ, ದಿಂಬಿನ ಕವರು, ಕೋಟಿನ ಒಳವಸ್ತ್ರಕ್ಕೆ ಧಾರಾಳವಾಗಿ ಹಾಕಿ. ಪಾತ್ರೆಯಲ್ಲಿ ಉಳಿದ ನೀರಿನಲ್ಲಿ ಪಟಿಕ ಹಿಡಿಸಿದ ಎರಡು ಕರ್ಚೀಫು ಅದ್ದಿದರೆ ಬೆಣ್ಣೆಯ ಹಳದಿ ಬರುತ್ತದೆ.