ಡ್ರೋನ್ ಬಿದ್ದ ಮೇಲೆ ಗಿಂಬಲ್ ಕೆಡುವ ಬಗೆ: ಕಬ್ಬಿನ ಸೀಮೆಯವರಿಗೆ ಒಂದು ಎಚ್ಚರಿಕೆ

ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ ಮದುವೆ, ಜಾತ್ರೆ, ಗೃಹಪ್ರವೇಶಗಳ ಚಿತ್ರೀಕರಣಕ್ಕೆಂದು ಡ್ರೋನ್ ಇಟ್ಟುಕೊಂಡಿರುವ ಎಲ್ಲರಿಗೂ, ಅದರಲ್ಲೂ ಸಾಲ ಮಾಡಿ ಹೊಸದಾಗಿ ಕೊಂಡಿರುವ ಹುಡುಗರಿಗೆ ಈ ಬರಹ. ಡ್ರೋನ್ ಬಿದ್ದ ಕೂಡಲೇ ನಾವು ನೋಡುವುದು ರೆಕ್ಕೆ ಮುರಿದಿದೆಯೇ, ತೋಳು ಸೀಳಿದೆಯೇ ಎಂದು. ರೆಕ್ಕೆ ಅಗ್ಗ, ತೋಳೂ ಅಷ್ಟೇನೂ ದುಬಾರಿಯಲ್ಲ. ಬೆಲೆಯೆಲ್ಲ ಇರುವುದು ಮೂತಿಯಲ್ಲಿ ತೂಗುವ ಕ್ಯಾಮೆರಾ ಮತ್ತು ಅದನ್ನು ಅಲುಗದಂತೆ ಹಿಡಿದಿರುವ ಗಿಂಬಲ್‌ನಲ್ಲಿ. ನನ್ನ ಗಿಂಬಲ್ ಬಿದ್ದ ಪೆಟ್ಟಿನಿಂದ ಕೆಟ್ಟದ್ದು ಕಡಿಮೆ. ಬಿದ್ದಲ್ಲಿಯೇ ಚಾಲೂ ಉಳಿದ ಹೊತ್ತಿನಲ್ಲಿ ಅರ್ಧ ಕೆಟ್ಟಿತು, ರಿಪೇರಿ ಅಂಗಡಿಯ ಮೇಜಿನ ಮೇಲೆ ಪೂರ್ತಿ ಕೆಟ್ಟಿತು. ಅದು ಹೇಗೆಂದು ವಿವರವಾಗಿ ಬರೆಯುತ್ತಿದ್ದೇನೆ. ಇದೇ ನಷ್ಟ ಇನ್ನೊಬ್ಬರಿಗೆ ಆಗಬಾರದು ಎಂಬುದಷ್ಟೇ ನನ್ನ ಆಸೆ.

ಘಟನೆ ನಡೆದದ್ದು ಮುಧೋಳ ತಾಲ್ಲೂಕಿನಲ್ಲಿ, ಘಟಪ್ರಭೆಯ ದಂಡೆಯ ಕಬ್ಬಿನ ಹೊಲದಲ್ಲಿ. ಕಟಾವಿನ ಹಂಗಾಮು ಜೋರಾಗಿತ್ತು. ಒಂದು ಕಡೆ ಗ್ಯಾಂಗಿನವರು ಕಬ್ಬು ಕಡಿಯುತ್ತಿದ್ದರೆ ದೂರದ ಇನ್ನೊಂದು ಹೊಲದಲ್ಲಿ ರವದಿಗೆ, ಅಂದರೆ ಕಬ್ಬು ಕಡಿದ ಮೇಲೆ ಉಳಿಯುವ ಒಣ ಗರಿಗೆ, ಬೆಂಕಿ ಹಚ್ಚಿದ್ದರು. ರವದಿ ಉರಿಯುವಲ್ಲಿ ಹೊರಗೋಡುವ ಇಲಿ, ಮಿಡತೆಗಳನ್ನು ಹಿಡಿಯಲು ಹದ್ದುಗಳು ಬರುತ್ತವೆ ಎಂಬುದು ನಮ್ಮ ಭಾಗದ ರೈತರಿಗೆಲ್ಲ ಗೊತ್ತು. ಆ ದಿನ ಹೊಗೆ ದೂರವಿತ್ತು, ಹದ್ದುಗಳೂ ದೂರದಲ್ಲಿಯೇ ಸುತ್ತುತ್ತಿದ್ದವು. ಆದರೆ ಒಂದು ಹದ್ದು ಹಿಂದಿನಿಂದ ಬಂದು ಹಾರುತ್ತಿದ್ದ ನನ್ನ ಡ್ರೋನ್ ಮೇಲೆ ಎರಗಿತು. ಪುಟ್ಟ ಡ್ರೋನ್‌ಗಳಲ್ಲಿ ಅಡೆತಡೆ ಗುರುತಿಸುವ ಸೆನ್ಸರ್ ಇದ್ದರೂ ವೇಗವಾಗಿ ಎರಗುವ ಹಕ್ಕಿಯಿಂದ ತಪ್ಪಿಸಿಕೊಳ್ಳುವುದು ಅವಕ್ಕೆ ಆಗದ ಮಾತು. ಪರದೆಯಲ್ಲಿ ಆಕಾಶ, ಕಬ್ಬು, ಮತ್ತೆ ಆಕಾಶ ತಿರುಗಿದವು, ನಂತರ ಚಿತ್ರ ನಿಂತುಹೋಯಿತು.

ಆಳೆತ್ತರ ಮೀರಿ ಬೆಳೆದ ಕಬ್ಬಿನೊಳಗೆ ಬಿದ್ದ ಡ್ರೋನ್ ಹುಡುಕುವುದು ಸುಲಭವಲ್ಲ. ಆಪ್‌ನ ನಕ್ಷೆಯಲ್ಲಿ ಕೊನೆಯ ಸ್ಥಳ ಸಿಕ್ಕರೂ ಗರಿಗಳ ನಡುವೆ ಅದು ಎರಡು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ. ಬೀಪ್ ಶಬ್ದ ಹಿಡಿದು ಹೋಗಿ ನೋಡಿದಾಗ ಒಣ ರವದಿಯ ಮೇಲೆ ಅಂಗಾತ ಬಿದ್ದಿತ್ತು. ಕಬ್ಬಿನ ಗರಿಗಳೇ ಅದನ್ನು ತಡೆದು ಮೆಲ್ಲಗೆ ಇಳಿಸಿದ್ದವು: ಒಂದು ರೆಕ್ಕೆಯ ತುದಿಯಲ್ಲಿ ಮಾತ್ರ ಚಕ್ಕೆ ಎದ್ದಿತ್ತು, ಲೆನ್ಸಿನ ಗಾಜಿಗೆ ಒಂದು ಗೀರೂ ಇರಲಿಲ್ಲ. ಆದರೆ ಕ್ಯಾಮೆರಾದ ತಲೆ ಒಂದು ಕಬ್ಬಿನ ಗಣಿಕೆಗೆ ಒತ್ತಿಕೊಂಡು ಸಿಕ್ಕಿಬಿದ್ದಿತ್ತು, ಮತ್ತು ಅದು ಇನ್ನೂ ಮಿಡುಕುತ್ತಿತ್ತು. ಬಲಕ್ಕೆ ಒಂದು ಜಗ್ಗು, ಒಂದು ಕ್ಷಣ ಬಿಡುವು, ಮತ್ತೆ ಬಲಕ್ಕೆ ಜಗ್ಗು. ಬ್ಯಾಟರಿ ಆರಿಸಿ ಗಿಂಬಲ್‌ನ ಮೋಟಾರಿನ ಮೇಲೆ ಬೆರಳಿಟ್ಟರೆ ಸುಡುವಷ್ಟು ಬಿಸಿ, ಮೂಗಿಗೆ ವಾರ್ನಿಷ್ ಸುಟ್ಟ ವಾಸನೆ.

ಯಾಕೆ ಹೀಗಾಗುತ್ತದೆ ಎಂದು ತಿಳಿದುಕೊಂಡರೆ ಮುಂದಿನ ಎಲ್ಲ ಎಚ್ಚರಿಕೆಗಳೂ ತಾವಾಗಿಯೇ ಅರ್ಥವಾಗುತ್ತವೆ. ಗಿಂಬಲ್‌ನಲ್ಲಿ ಸಾಮಾನ್ಯವಾಗಿ ಮೂರು ಪುಟ್ಟ ಬ್ರಶ್‌ಲೆಸ್ ಮೋಟಾರುಗಳಿರುತ್ತವೆ: ಒಂದು ಕ್ಯಾಮೆರಾವನ್ನು ಎಡಬಲಕ್ಕೆ ತಿರುಗಿಸಲು, ಒಂದು ಮೇಲೆ ಕೆಳಗೆ ಬಾಗಿಸಲು, ಇನ್ನೊಂದು ದಿಗಂತದ ಗೆರೆಯನ್ನು ಮಟ್ಟವಾಗಿ ಇಡಲು. ಇವುಗಳಲ್ಲಿ ಗೇರ್ ಇಲ್ಲ. ಕ್ಯಾಮೆರಾವನ್ನು ಒಂದು ಕೋನದಲ್ಲಿ ಹಿಡಿದಿಡುವುದು ವಿದ್ಯುತ್ ಮಾತ್ರ. ಆದ್ದರಿಂದಲೇ ಸ್ವಿಚ್ ಆರಿಸಿದಾಗ ಕ್ಯಾಮೆರಾ ಜೋತುಬೀಳುತ್ತದೆ, ಅದು ಕೆಟ್ಟದ್ದರ ಗುರುತಲ್ಲ. ಸ್ವಿಚ್ ಹಾಕಿದಾಗ ಯಾವುದಾದರೂ ವಸ್ತು ಅಡ್ಡವಿದ್ದರೆ ಮೋಟಾರು ತನ್ನ ಕೋನಕ್ಕೆ ಮರಳಲು ಹೆಚ್ಚು ಹೆಚ್ಚು ವಿದ್ಯುತ್ ಎಳೆಯುತ್ತದೆ, ಬಿಸಿಯೇರುತ್ತದೆ, ಕೊನೆಗೆ ಒಳಗಿನ ತಂತಿಸುತ್ತು ಹಾಳಾಗುತ್ತದೆ. ಈ ಮೂರು ಮೋಟಾರುಗಳ ನಡುವೆ ಸುತ್ತಿಕೊಂಡು ಹೋಗುವುದು ಕಾಗದದಷ್ಟು ತೆಳುವಾದ ರಿಬ್ಬನ್ ಕೇಬಲ್. ಅದು ಅರ್ಧ ಹರಿದಿದ್ದರೆ ಕೂಡಿಸಲು ಇನ್ನೂ ದಾರಿ ಇರುತ್ತದೆ, ಆದರೆ ಸ್ವಿಚ್ ಹಾಕಿದ ಕೂಡಲೇ ಗಿಂಬಲ್ ತನ್ನ ಪರೀಕ್ಷೆಗಾಗಿ ಎಲ್ಲ ದಿಕ್ಕಿಗೂ ಒಮ್ಮೆ ತಿರುಗುವುದರಿಂದ ಆ ಅರ್ಧ ಹರಿದದ್ದು ಪೂರ್ತಿ ಹರಿಯುತ್ತದೆ.

ಹೀಗಾಗಿ ನನ್ನ ಮೊದಲ ಮತ್ತು ಮುಖ್ಯ ಮನವಿ: ಬಿದ್ದ ಡ್ರೋನ್ ಸಿಕ್ಕ ಕೂಡಲೇ ಸ್ವಿಚ್ ಆರಿಸಿ, ಬ್ಯಾಟರಿ ಹೊರತೆಗೆಯಿರಿ, ಮತ್ತು ಎಷ್ಟೇ ಆತುರವಾದರೂ ಅಲ್ಲಿಯೇ ಮತ್ತೆ ಚಾಲೂ ಮಾಡಬೇಡಿ. ವಿಡಿಯೊ ಉಳಿದಿದೆಯೋ ಇಲ್ಲವೋ ಎಂಬ ಆತಂಕಕ್ಕೇ ಬಹಳ ಜನ ಆ ಹೊಲದಲ್ಲಿಯೇ ಸ್ವಿಚ್ ಹಾಕಿ ನೋಡುತ್ತಾರೆ. ಮೆಮೊರಿ ಕಾರ್ಡ್ ತೆಗೆದು ಕಂಪ್ಯೂಟರಿನಲ್ಲಿ ನೋಡಿ. ಕೊನೆಯ ಫೈಲ್ ಅಪೂರ್ಣವಾಗಿದ್ದರೂ ಅದನ್ನು ಸರಿಪಡಿಸುವ ಸಾಫ್ಟ್‌ವೇರ್‌ಗಳಿವೆ. ಸುಟ್ಟ ಮೋಟಾರನ್ನು ಸರಿಪಡಿಸುವ ಸಾಫ್ಟ್‌ವೇರ್ ಇಲ್ಲ. ಬ್ಯಾಟರಿ ಉಬ್ಬಿದ್ದರೆ ಅಥವಾ ಮೂಲೆ ಜಜ್ಜಿದ್ದರೆ ಅದನ್ನು ಚೀಲದೊಳಗೆ ಇಡದೆ, ರವದಿಯಿಂದಲೂ ವಾಹನದಿಂದಲೂ ದೂರ ಬರಿ ನೆಲದ ಮೇಲೆ ಇಡಿ, ಏಕೆಂದರೆ ಪೆಟ್ಟು ತಿಂದ ಲಿಥಿಯಂ ಬ್ಯಾಟರಿ ಸ್ವಲ್ಪ ಹೊತ್ತಿನ ನಂತರವೂ ಹೊತ್ತಿಕೊಳ್ಳಬಹುದು.

ಬ್ಯಾಟರಿ ತೆಗೆದ ಮೇಲೆ ಬೆಳಕಿನಲ್ಲಿ ಕೂತು ಗಿಂಬಲ್ ನೋಡಿ. ಕ್ಯಾಮೆರಾವನ್ನು ಒಂದು ಬೆರಳಿನಿಂದ ಮೂರೂ ದಿಕ್ಕಿಗೆ ನಿಧಾನವಾಗಿ ತಿರುಗಿಸಿದರೆ ಎಲ್ಲಿಯೂ ಕಿರುಗುಟ್ಟಬಾರದು, ಎಲ್ಲಿಯೂ ಹಿಡಿದಂತಾಗಬಾರದು. ಗಿಂಬಲ್ ಮತ್ತು ಡ್ರೋನ್ ಮೈ ನಡುವೆ ನಡುಕ ಹೀರುವ ರಬ್ಬರ್ ಡ್ಯಾಂಪರ್‌ಗಳು ತಮ್ಮ ತೂತಿನೊಳಗೆ ಸರಿಯಾಗಿ ಕೂತಿವೆಯೇ ನೋಡಿ. ಒಂದು ಹೊರಬಿದ್ದಿದ್ದರೂ ವಿಡಿಯೊ ನೀರಿನ ಅಲೆಯಂತೆ ನಡುಗುತ್ತದೆ. ರಿಬ್ಬನ್ ಕೇಬಲ್ ಮಡಿಚಿಕೊಳ್ಳುವ ಜಾಗದಲ್ಲಿ ಬಿಳಿ ಗೆರೆ ಕಂಡರೆ ಅಲ್ಲಿ ಬಿರುಕು ಶುರುವಾಗಿದೆ ಎಂದು ತಿಳಿಯಿರಿ. ಕೇಬಲ್‌ನಲ್ಲಿಯೂ ಭೇದವಿದೆ. ಅನೇಕ ಮಾದರಿಗಳಲ್ಲಿ ಮೋಟಾರಿಗೆ ಹೋಗುವ ಕೇಬಲ್ ಬೇರೆ, ಚಿತ್ರ ತರುವ ಕೇಬಲ್ ಬೇರೆ ಇರುತ್ತವೆ. ಚಾಲೂ ಇದ್ದಾಗ ಚಿತ್ರ ಬರುತ್ತಿದ್ದು ಕ್ಯಾಮೆರಾ ಜೋತುಬಿದ್ದಿದ್ದರೆ ದೋಷ ಮೋಟಾರಿನ ಕಡೆ, ಕ್ಯಾಮೆರಾ ಮಟ್ಟವಾಗಿ ನಿಂತಿದ್ದು ಪರದೆ ಕಪ್ಪಾಗಿದ್ದರೆ ಚಿತ್ರದ ಕಡೆ. ಇಷ್ಟು ತಿಳಿದಿದ್ದರೆ ಪೂರ್ತಿ ಗಿಂಬಲ್ ಬದಲಿಸಬೇಕು ಎನ್ನುವವರನ್ನು ಪ್ರಶ್ನೆ ಕೇಳುವ ಧೈರ್ಯ ನಿಮಗೆ ಬರುತ್ತದೆ.

ದೂಳು ತೆಗೆಯಲು ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಹಿಡಿಯಬೇಡಿ. ಆ ಒತ್ತಡಕ್ಕೆ ದೂಳು ಒಳಗೆ ಹೋಗುತ್ತದೆ, ಬಿರುಕುಬಿಟ್ಟ ಕೇಬಲ್ ಕಿತ್ತು ಬರುತ್ತದೆ. ಕೈಯಿಂದ ಅದುಮುವ ಕ್ಯಾಮೆರಾ ಬ್ಲೋವರ್, ಮೆತ್ತನೆಯ ಕುಂಚ ಸಾಕು. ನಮ್ಮ ಎರೆಮಣ್ಣಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ವಿಜಯಪುರದಿಂದ ಬೆಳಗಾವಿಯವರೆಗಿನ ಕಪ್ಪು ಮಣ್ಣು ಬಹುಪಾಲು ದಖ್ಖನ್ ಪ್ರಸ್ಥಭೂಮಿಯ ಬಸಾಲ್ಟ್ ಕಲ್ಲು ಸವೆದು ಆದದ್ದು, ಅದರಲ್ಲಿ ಕಬ್ಬಿಣದ ಅಂಶವಿರುವ ಖನಿಜದ ಕಣಗಳಿರುತ್ತವೆ. ಒಣಗಿದ ಎರೆಮಣ್ಣಿನಲ್ಲಿ ಒಂದು ಅಯಸ್ಕಾಂತ ಆಡಿಸಿ ನೋಡಿ, ಕಪ್ಪು ಪುಡಿ ಮೀಸೆಯಂತೆ ಅಂಟಿಕೊಂಡು ಬರುತ್ತದೆ. ಗಿಂಬಲ್‌ನ ಮೋಟಾರಿನಲ್ಲಿಯೂ ಅಯಸ್ಕಾಂತವಿದೆ. ಒಮ್ಮೆ ಒಳಸೇರಿದ ಆ ಪುಡಿ ಗಾಳಿ ಊದಿದರೂ ಬಿಡುವುದಿಲ್ಲ, ಸುತ್ತುವಾಗ ಉಜ್ಜುತ್ತಲೇ ಇರುತ್ತದೆ. ಬೀಳದೆಯೂ ಗಿಂಬಲ್ ಕೆಡುವುದು ಹೀಗೆ. ಬೇಸಗೆಯಲ್ಲಿ ಹೊಲದಿಂದ ಹಾರಿಸುವಾಗ ನೆಲಕ್ಕೆ ಅಗಲವಾದ ಲ್ಯಾಂಡಿಂಗ್ ಹಾಸು ಹಾಕಿ, ಅದರ ಅಂಚಿಗೆ ಕಲ್ಲು ಇಡಿ. ಜೋಳ ಕೊಯ್ದ ಹೊಲದ ಕೂಳೆಯ ನಡುವೆ ಇಟ್ಟು ಸ್ವಿಚ್ ಹಾಕಿದರೆ ಕೂಳೆಯೇ ಕ್ಯಾಮೆರಾಕ್ಕೆ ತಗುಲಿ, ಹಾರುವ ಮೊದಲೇ ಮೋಟಾರಿನ ಮೇಲೆ ಹೊರೆ ಬಿದ್ದ ಸಂದೇಶ ಬರುತ್ತದೆ. ಸಾಗಿಸುವಾಗ ಕ್ಯಾಮೆರಾ ಅಲುಗದಂತೆ ಹಿಡಿಯುವ ಸಾಗಾಟದ ಕ್ಲಾಂಪ್ ತೆಗೆಯದೆ ಚಾಲೂ ಮಾಡಿದರೂ ಆಗುವುದು ಇದೇ.

ಇನ್ನು ಅಂಗಡಿಯ ವಿಷಯ. 2022ರ ಫೆಬ್ರವರಿ 9ರಿಂದ ವಿದೇಶಿ ಡ್ರೋನ್‌ಗಳ ಆಮದನ್ನು ಕೇಂದ್ರ ಸರ್ಕಾರ ನಿಷೇಧಿಸಿದೆ. ಸಂಶೋಧನೆ, ರಕ್ಷಣೆ, ಭದ್ರತೆಯ ಉದ್ದೇಶಗಳಿಗೆ ಮಾತ್ರ ವಿನಾಯಿತಿ, ಬಿಡಿಭಾಗಗಳ ಆಮದಿಗೆ ಮಾತ್ರ ಅಡ್ಡಿಯಿಲ್ಲ. ಹೀಗಾಗಿ ನಮ್ಮಲ್ಲಿ ಬಳಕೆಯಲ್ಲಿರುವ ಅನೇಕ ವಿದೇಶಿ ಡ್ರೋನ್‌ಗಳ ದುರಸ್ತಿಗೆ ಖಾಸಗಿ ಅಂಗಡಿಗಳೇ ಗತಿ, ಅಲ್ಲಿ ಹಾಕುವ ಭಾಗ ಹೊಸದೋ, ಇನ್ನೊಂದು ಮುರಿದ ಡ್ರೋನ್‌ನಿಂದ ಬಿಚ್ಚಿದ್ದೋ ಎಂದು ಹೇಳುವವರು ಅಪರೂಪ. ನಾನು ದೊಡ್ಡ ನಗರದ ಒಂದು ಅಂಗಡಿಗೆ ಕೊರಿಯರ್ ಮಾಡಿದೆ. ಪೂರ್ತಿ ಗಿಂಬಲ್ ಹೋಗಿದೆ, ಹೊಸ ಅಸಲಿ ಯೂನಿಟ್ ಹಾಕುತ್ತೇವೆ ಎಂದು ಫೋನಿನಲ್ಲಿ ಹೇಳಿ 16,500 ರೂಪಾಯಿ ಮುಂಗಡವಾಗಿಯೇ ಪಡೆದರು. ವಾಪಸ್ಸು ಬಂದ ಡ್ರೋನ್ ಮೇಜಿನ ಮೇಲೆ ಚೆನ್ನಾಗಿಯೇ ಇತ್ತು, ಅಂಗಳದಲ್ಲಿ ಹಾರಿಸಿದಾಗಲೂ ನೇರವಾಗಿ ಹೋದಷ್ಟು ಹೊತ್ತು ದೋಷ ಕಾಣಲಿಲ್ಲ. ಬಾಗಲಕೋಟೆಯ ನವನಗರದ ಒಂದು ಮದುವೆಯಲ್ಲಿ ಮೆರವಣಿಗೆಯ ಸುತ್ತ ತಿರುಗಿಸಿದಾಗ ಮಾತ್ರ ನಿಜ ಬಯಲಾಯಿತು: ಎಡಕ್ಕೆ ತಿರುಗಿದರೆ ದಿಗಂತ ಒಂದು ಬದಿಗೆ ವಾಲುತ್ತಿತ್ತು, ನಿಂತ ಮೇಲೆ ಕೆಲವು ಸೆಕೆಂಡು ತಡೆದು ನೆಟ್ಟಗಾಗುತ್ತಿತ್ತು. ಮದುಮಕ್ಕಳ ಮನೆಯವರಿಗೆ ಆ ದೃಶ್ಯಗಳನ್ನು ಕೊಡಲು ಆಗಲಿಲ್ಲ. ಮದುವೆಯನ್ನು ಮತ್ತೊಮ್ಮೆ ಮಾಡಿಸಿ ಚಿತ್ರ ತೆಗೆಯಲು ಬರುವುದಿಲ್ಲ. ಹಣಕ್ಕಿಂತ ಆ ಸಂಕಟವೇ ನನಗೆ ದೊಡ್ಡದು.

ಆಪ್‌ನ ಗಿಂಬಲ್ ಸೆಟ್ಟಿಂಗ್ ತೆರೆದಾಗ ದಿಗಂತ ಹೊಂದಿಸುವ ಅಂಕಿ ಸೊನ್ನೆಯಲ್ಲಿ ಇರಲಿಲ್ಲ; ಅಂಗಡಿಯವರು ಅದನ್ನು ಸರಿಸಿಟ್ಟಿದ್ದರು. ಸೊನ್ನೆಗೆ ತಂದ ಕೂಡಲೇ ಚಿತ್ರ ಸೊಟ್ಟಗಾಯಿತು. ಸಣ್ಣ ವ್ಯತ್ಯಾಸಕ್ಕೆಂದು ಇರುವ ಈ ಸೌಲಭ್ಯದಿಂದ ಬಾಗಿದ ತೋಳನ್ನು ಮುಚ್ಚಿಡಬಹುದು. ಆಮೇಲೆ ಬೆಳಗಾವಿಯ ಒಬ್ಬ ತಂತ್ರಜ್ಞರು ನನ್ನ ಎದುರಿನಲ್ಲಿಯೇ ಬಿಚ್ಚಿ ತೋರಿಸಿದರು. ಅಲ್ಯೂಮಿನಿಯಂ ತೋಳು ಹೊಸದಲ್ಲ, ಬಾಗಿದ್ದನ್ನು ಇಕ್ಕಳದಲ್ಲಿ ಹಿಡಿದು ನೆಟ್ಟಗೆ ಮಾಡಿದ ಹಲ್ಲಿನ ಗುರುತು ಅದರ ಮೇಲೆ ಸ್ಪಷ್ಟವಾಗಿತ್ತು. ರಿಬ್ಬನ್ ಕೇಬಲ್ ಬೇರೆ ಬಣ್ಣದ್ದು, ಮಡಿಕೆಯಲ್ಲಿ ಅಂಟು ಹಚ್ಚಿ ಕೂರಿಸಿದ್ದು, ಅದು ಬಿರುಸಾಗಿ ಒಣಗಿ ತಿರುಗಣೆಯನ್ನೇ ಹಿಡಿದೆಳೆಯುತ್ತಿತ್ತು. ಬಿಸಿಯಾಗಿದ್ದ ಮೋಟಾರನ್ನು ಮುಟ್ಟಿಯೇ ಇರಲಿಲ್ಲ. ಅಂಗಡಿಗೆ ಫೋನ್ ಮಾಡಿದರೆ, ಬಿದ್ದ ಡ್ರೋನ್‌ಗೆ ಗ್ಯಾರಂಟಿ ಇಲ್ಲ ಎಂಬ ಒಂದೇ ಉತ್ತರ. ತೆಗೆದ ಹಳೆಯ ಭಾಗ ಕಳಿಸಿ ಎಂದರೆ ಬಿಸಾಡಿದ್ದೇವೆ ಎಂದರು.

ಆದ್ದರಿಂದ ರಿಪೇರಿಗೆ ಕೊಡುವ ಮೊದಲು ಗಿಂಬಲ್‌ನ ಎಲ್ಲ ಬದಿಯ ಫೋಟೊ, ಸ್ಕ್ರೂಗಳ ಹತ್ತಿರದ ಫೋಟೊ, ಸೀರಿಯಲ್ ನಂಬರಿನ ಫೋಟೊ ತೆಗೆದಿಟ್ಟುಕೊಳ್ಳಿ. ಯಾವ ಯಾವ ಭಾಗ ಬದಲಿಸುತ್ತಾರೆ ಎಂದು ಬರಹದಲ್ಲಿ ಪಡೆಯಿರಿ, ತೆಗೆದ ಭಾಗಗಳನ್ನು ವಾಪಸ್ಸು ಕೊಡಬೇಕು ಎಂಬುದನ್ನೂ ಅದರಲ್ಲಿಯೇ ಬರೆಸಿ. ಹಳೆಯದನ್ನು ಕೊಡಲು ಒಪ್ಪದ ಅಂಗಡಿಗೆ ಡ್ರೋನ್ ಕೊಡಬೇಡಿ, ಅವರು ಎಷ್ಟೇ ಅಗ್ಗದ ದರ ಹೇಳಲಿ. ಪಾರ್ಸೆಲ್ ಮಾಡುವಾಗ ಸಾಗಾಟದ ಕ್ಲಾಂಪ್ ಹಾಕಿ. ಗಿಂಬಲ್ ಬಾಗಿ ಕ್ಲಾಂಪ್ ಕೂರದಿದ್ದರೆ ಒತ್ತಾಯದಿಂದ ಹಾಕದೆ, ಕ್ಯಾಮೆರಾದ ಸುತ್ತ ಮೆತ್ತನೆಯ ಸ್ಪಂಜು ತುಂಬಿ ಅಲುಗದಂತೆ ಮಾಡಿ. ಹತ್ತಿಯ ಎಳೆ ಮೋಟಾರಿಗೆ ಸುತ್ತಿಕೊಳ್ಳುವುದರಿಂದ ಹತ್ತಿ ಬೇಡ.

ಬೀಳದಂತೆ ನೋಡಿಕೊಳ್ಳುವುದರ ಬಗ್ಗೆಯೂ ನಮ್ಮ ಸೀಮೆಗೆ ಸಂಬಂಧಿಸಿದ ಕೆಲವು ಮಾತು ಹೇಳಬೇಕು. ಹದ್ದು ಹತ್ತಿರ ಬರುವುದು ಕಂಡರೆ ಕೆಳಗಿಳಿಸಬೇಡಿ, ನೇರವಾಗಿ ಮೇಲಕ್ಕೆ ಏರಿಸಿ. ಕೆಳಕ್ಕೆ ಎರಗುವ ಹಕ್ಕಿಗೆ ನೆಟ್ಟಗೆ ಮೇಲೇರುವುದು ಕಷ್ಟ. ರವದಿ ಸುಡುವ ಹೊಲದ ಹತ್ತಿರ ಹಾರಿಸುವುದನ್ನೇ ನಾನು ಬಿಟ್ಟಿದ್ದೇನೆ. ಪಂಪ್‌ಸೆಟ್ಟಿಗೆ ಎಳೆದ ವಿದ್ಯುತ್ ತಂತಿಗಳು ಯಾವ ಸೆನ್ಸರ್‌ಗೂ ಸರಿಯಾಗಿ ಕಾಣುವುದಿಲ್ಲ, ಆದ್ದರಿಂದ ಕಂಬಗಳನ್ನು ಮೊದಲು ನಡೆದು ನೋಡಿ, ಸಿಗ್ನಲ್ ತಪ್ಪಿದಾಗ ಡ್ರೋನ್ ತಾನಾಗಿ ವಾಪಸ್ಸಾಗುವ ಎತ್ತರವನ್ನು ಸುತ್ತಲಿನ ಅತಿ ಎತ್ತರದ ಕಂಬ, ಮರಗಳಿಗಿಂತ ಮೇಲೆ ಇಡಿ. ಕೃಷ್ಣೆಯ ಹಿನ್ನೀರಿನ ಮೇಲೆ ತೀರ ಕೆಳಗೆ ಹಾರಿಸಿದರೆ ಅಲುಗುವ ನೀರು ಕೆಳಮುಖದ ಸೆನ್ಸರ್‌ಗಳನ್ನು ತಪ್ಪುದಾರಿಗೆ ಎಳೆಯುತ್ತದೆ.

ಹಾರುವಾಗಲೂ ಕ್ಯಾಮೆರಾದ ಸುತ್ತ ಹಾಕುವ ಪ್ಲಾಸ್ಟಿಕ್ ಕಾವಲುಗಳನ್ನು ಮಾರುವವರಿದ್ದಾರೆ. ಮೆಲ್ಲಗೆ ತಾಗಿದ ಪೆಟ್ಟನ್ನು ಅವು ತಡೆದಾವು, ಮೇಲಿನಿಂದ ಬಿದ್ದ ಪೆಟ್ಟನ್ನಲ್ಲ. ಜೊತೆಗೆ ಡ್ರೋನ್ ನಿಯಮಗಳು 2021ರ ಪ್ರಕಾರ 250 ಗ್ರಾಂ ವರೆಗಿನದು ಮಾತ್ರ ನ್ಯಾನೋ, ಅಂದರೆ ಅತಿ ಹಗುರ ವರ್ಗ, ಆ ಲೆಕ್ಕದಲ್ಲಿ ಮೇಲೆ ಹೊರಿಸಿದ ಭಾರವೂ ಸೇರುತ್ತದೆ. 249 ಗ್ರಾಮಿನ ಡ್ರೋನ್‌ಗೆ ಕಾವಲು ಸಿಕ್ಕಿಸಿದರೆ ಅದು ಮೈಕ್ರೋ ವರ್ಗಕ್ಕೆ ಹೋಗುತ್ತದೆ, ನ್ಯಾನೋಗೆ ಬೇಡವಾದ ಥರ್ಡ್ ಪಾರ್ಟಿ ವಿಮೆ ಅದಕ್ಕೆ ಬೇಕಾಗುತ್ತದೆ. ಲೆನ್ಸಿಗೆ ಬರುವ ಬೆಳಕು ತಗ್ಗಿಸುವ ದಪ್ಪ ಎನ್‌ಡಿ ಫಿಲ್ಟರ್ ಹಾಕುವವರು ನಿಮ್ಮ ಮಾದರಿಗೆಂದೇ ಮಾಡಿದ ಹಗುರಾದದ್ದನ್ನು ಕೊಳ್ಳಿ, ಭಾರ ಹೆಚ್ಚಾದರೆ ಮೋಟಾರು ಪ್ರತಿ ಹಾರಾಟದಲ್ಲೂ ಹೆಚ್ಚು ದುಡಿಯಬೇಕಾಗುತ್ತದೆ.

ರಿಪೇರಿಯಿಂದ ವಾಪಸ್ಸು ಬಂದ ಡ್ರೋನನ್ನು ಪರೀಕ್ಷಿಸುವುದು ಹೀಗೆ. ಆಪ್‌ನ ದಿಗಂತದ ಅಂಕಿಯನ್ನು ಸೊನ್ನೆಗೆ ತನ್ನಿ, ಮಟ್ಟವಾದ ನೆಲದ ಮೇಲಿಟ್ಟು ಆಪ್‌ನಲ್ಲಿ ಗಿಂಬಲ್ ಕ್ಯಾಲಿಬ್ರೇಶನ್ (ಗಿಂಬಲ್ ತನ್ನ ಮಟ್ಟವನ್ನು ತಾನೇ ಹೊಂದಿಸಿಕೊಳ್ಳುವ ಕ್ರಮ) ಮಾಡಿ. ನಂತರ ಬಯಲಿನಲ್ಲಿ ಏರಿಸಿ ಎಡಕ್ಕೊಂದು ಪೂರ್ಣ ಸುತ್ತು, ಬಲಕ್ಕೊಂದು ಪೂರ್ಣ ಸುತ್ತು ವೇಗವಾಗಿ ತಿರುಗಿಸಿ ಒಮ್ಮೆಲೇ ನಿಲ್ಲಿಸಿ, ಕ್ಯಾಮೆರಾವನ್ನು ನೇರ ಕೆಳಕ್ಕೆ ಬಾಗಿಸಿ ಮತ್ತೆ ಎತ್ತಿ, ಸ್ವಲ್ಪ ಗಾಳಿ ಇದ್ದಾಗಲೂ ಇದನ್ನೇ ಮಾಡಿ. ಎಲ್ಲವನ್ನೂ ರೆಕಾರ್ಡ್ ಮಾಡಿ ದೊಡ್ಡ ಪರದೆಯಲ್ಲಿ ನೋಡಿ. ಅಂಗಡಿ ಹತ್ತಿರದಲ್ಲಿದ್ದರೆ ಈ ಪರೀಕ್ಷೆಯನ್ನು ಅವರ ಎದುರಿನಲ್ಲಿಯೇ, ಡ್ರೋನ್ ಹಾರಿಸಲು ಅನುಮತಿ ಇರುವ ಬಯಲಿನಲ್ಲಿ ಮಾಡಿ ತೋರಿಸಿ, ಆಮೇಲೆ ಹಣ ಕೊಡಿ. ಬೆಳಗಾವಿಯವರು ಸಾಂಬ್ರಾ ವಿಮಾನ ನಿಲ್ದಾಣದ ವಲಯ ಎಲ್ಲಿಯವರೆಗಿದೆ ಎಂದು ಕೇಂದ್ರ ಸರ್ಕಾರದ ಡ್ರೋನ್ ಜಾಲತಾಣವಾದ ಡಿಜಿಟಲ್ ಸ್ಕೈನ ನಕ್ಷೆಯಲ್ಲಿ ನೋಡಿಕೊಂಡು ಆ ಜಾಗ ಆರಿಸಬೇಕು. ದೂರದ ಅಂಗಡಿಯಾದರೆ ಅವರು ಹಾರಿಸಿ ತೆಗೆದ ಇಂಥ ವಿಡಿಯೊವನ್ನು ಕತ್ತರಿಸದೆ ಕಳಿಸುವವರೆಗೆ ಅರ್ಧ ಹಣವನ್ನಾದರೂ ಉಳಿಸಿಕೊಳ್ಳಿ.