ಹತ್ತು ಪಟ್ಟು ದೊಡ್ಡದು ತೋರಿಸುವ ಮಡಚುವ ಲೆನ್ಸ್: ಗಾಜು ಚೆನ್ನ, ತಿರುಪು ಸಡಿಲ

ಮೈಸೂರಿನ ಒಂದು ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ 350 ರೂಪಾಯಿ ಕೊಟ್ಟು ತಂದೆ. ನಮ್ಮದು ರೇಷ್ಮೆ ಬಿತ್ತನೆ ಕೋಠಿ, ಅಂದರೆ ರೇಷ್ಮೆಹುಳದ ಮೊಟ್ಟೆ ತಯಾರಿಸುವ ಜಾಗ. ಚಿಟ್ಟೆ ಹೊರಬಂದ ತೂತುಗೂಡಿನ ಚೀಲಕ್ಕೆ ಡರ್ಮೆಸ್ಟಿಡ್ ಜೀರುಂಡೆ (ಚರ್ಮ, ಒಣಗಿದ ಸತ್ತ ಹುಳ ತಿನ್ನುವ ಜಾತಿ) ಬಿದ್ದಿತ್ತು. ಬರಿಗಣ್ಣಿಗೆ ಎಲ್ಲಾ ಒಂದೇ ಥರ ಕಪ್ಪು.

ಸತ್ತ ಒಂದನ್ನು ಅಂಗಾತ ಮಲಗಿಸಿ ನೋಡಿದೆ. ಹೊಟ್ಟೆ ತುಂಬ ಬಿಳಿ ರೋಮ. ಅಂದರೆ ಹಳದಿ-ಕಂದು ರೋಮದ ಡರ್ಮೆಸ್ಟಿಸ್ ಏಟರ್ ಅಲ್ಲ. ಇನ್ನು ಅದೇ ಡರ್ಮೆಸ್ಟಿಸ್ ಕುಲದ ಬೇರೆ ಎರಡು ಜಾತಿ, ಮ್ಯಾಕ್ಯುಲೇಟಸ್ಸೋ ಫ್ರಿಶಿಯೋ? ಅದಕ್ಕೆ ರೆಕ್ಕೆಕವಚದ ಹಿಂತುದಿ ನೋಡಬೇಕು. ಎರಡು ಕವಚ ಕೂಡುವಲ್ಲಿ ಚಿಕ್ಕ ಮುಳ್ಳು, ಅಂಚಿಗೆ ಗರಗಸದಂಥ ಹಲ್ಲು ಇದ್ದರೆ ಮ್ಯಾಕ್ಯುಲೇಟಸ್. ನುಣ್ಣಗಿದ್ದರೆ ಫ್ರಿಶಿ. ಮುಳ್ಳು ತಕ್ಷಣ ಕಾಣಿಸಿತು. ಹಲ್ಲು ಕಾಣೋಕೆ ಮಾತ್ರ ಕಿಟಕಿ ಬೆಳಕಿಗೆ ಹಿಡಿದು, ಉಸಿರು ಬಿಗಿಹಿಡಿದು, ನಾಲ್ಕು ಸಲ ತಿರುಗಿಸಬೇಕಾಯ್ತು. ಮ್ಯಾಕ್ಯುಲೇಟಸ್ಸೇ!

ಗಾಜಿಗೆ ಪೂರ್ತಿ ಮಾರ್ಕು. ಹಿಡಿಯ ತಿರುಪು ವಾರಕ್ಕೇ ಸಡಿಲವಾಯ್ತು. ಹಿಂದಕ್ಕೆ ಒಯ್ದರೆ ಅಂಗಡಿಯವರು "ಬಿಗಿ ಮಾಡ್ಕೊಳ್ಳಿ ಸಾರ್" ಅಂದು ಕೈತೊಳೆದುಕೊಂಡರು. ಜೊತೆಗೆ ಕೊಟ್ಟದ್ದು ಚರ್ಮದ ಚೀಲ. ಚರ್ಮ ತಿನ್ನೋ ಹುಳ ನೋಡೋಕೆ ಚರ್ಮದ ಚೀಲ! ಅದನ್ನು ಕೋಠಿಯೊಳಗೆ ಬಿಟ್ಟುಕೊಂಡಿಲ್ಲ, ಸ್ಕೂಟರ್ ಡಿಕ್ಕಿಯಲ್ಲೇ ಇದೆ.