ಫೆರೆಟ್‌ಗೆ ‘ರಾ ಫುಡ್ ಪ್ಯಾಕೇಜ್’ ಕೊಡ್ತೀವಿ ಅಂದರೆ ದುಡ್ಡು ಕಟ್ಟಬೇಡಿ

ಫೆರೆಟ್ (ನೋಡಲು ಮುಂಗುಸಿಯಂಥ ಸಾಕುಪ್ರಾಣಿ) ಸಾಕಿದವರು, ತರಬೇಕು ಅಂದುಕೊಂಡವರು ದಯವಿಟ್ಟು ಪೂರ್ತಿ ಓದಿ. "ಕಿಬಲ್ ಬಟ್ಟಲು ಎತ್ತಿಡಿ, ಹಸಿವಾದರೆ ಹಸಿ ಮಾಂಸ ತಾನೇ ತಿನ್ನುತ್ತೆ" ಎಂದು ಯಾರಾದರೂ ಹೇಳಿದರೆ, ಆ ಮನುಷ್ಯನಿಗೆ ಫೆರೆಟ್ ಬಗ್ಗೆ ಏನೂ ಗೊತ್ತಿಲ್ಲ. ಏನೂ ಅಂದರೆ ಏನೂ. (ಕಿಬಲ್ ಎಂದರೆ ಒಣ ಕಾಳಿನಂಥ ರೆಡಿಮೇಡ್ ಆಹಾರ.) ಇದನ್ನೇ ನನಗೆ 4,800 ರೂಪಾಯಿ ತೆಗೆದುಕೊಂಡು ಹೇಳಿದರು. ದುಡ್ಡು ಹಾಳಾಗಲಿ, ನಮ್ಮ ಪ್ರಾಣಿ ಸಾಯುವುದರಲ್ಲಿತ್ತು.

ಹೆಸರು ಹಾಕುವುದಿಲ್ಲ. ಹಾಕಿದರೆ ‘ಲೀಗಲ್ ಆಕ್ಷನ್’ ಎಂದು ಆಗಲೇ ಮೆಸೇಜ್ ಬಂದಿದೆ. ಬೆಂಗಳೂರಿನವರು. ನಮ್ಮ ಚಿಕ್ಕಬಳ್ಳಾಪುರ, ಚಿಂತಾಮಣಿ, ಕೋಲಾರದ ಕಡೆಗೆಲ್ಲ ಬಸ್ ಪಾರ್ಸೆಲ್‌ನಲ್ಲಿ ಕಳಿಸುತ್ತಾರೆ. ಇಷ್ಟು ಹೇಳಿದರೆ ಗೊತ್ತಾಗುವವರಿಗೆ ಗೊತ್ತಾಗುತ್ತೆ.

ನಮ್ಮ ಫೆರೆಟ್ ಹೆಸರು ಗುಂಡ. ತಮ್ಮ ತಂದದ್ದು. ಪಕ್ಕದ ಮನೆ ಅಜ್ಜಿ ಇವತ್ತಿಗೂ "ಇದೇಮಿ, ಮುಂಗಿಸಾ?" ಅಂತಲೇ ಕೇಳುತ್ತಾರೆ. ಮುಂಗುಸಿ ಸಾಕಿದರೆ ಅರಣ್ಯ ಇಲಾಖೆಯವರು ಹಿಡಿದುಕೊಂಡು ಹೋಗ್ತಾರೆ ಅಜ್ಜಿ, ಇದು ಬೇರೆ ಜಾತಿ ಎಂದು ಹೇಳಿ ಹೇಳಿ ಸಾಕಾಗಿದೆ. ಮಾರಿದವರು ಜೊತೆಗೆ ಒಂದು ಕವರ್ ಕಿಬಲ್ ಕೊಟ್ಟಿದ್ದರು, ಬೆಕ್ಕಿನ ಮರಿಗಳಿಗೆ ಹಾಕುವಂಥದ್ದು. ನಮ್ಮಲ್ಲಿ ಫೆರೆಟ್‌ಗೆಂದೇ ಮಾಡಿದ ಆಹಾರ ಸುಲಭವಾಗಿ ಸಿಗುವುದಿಲ್ಲ. ಹಾಗಾಗಿ ಎಲ್ಲರೂ ಪ್ರೋಟೀನ್ ಜಾಸ್ತಿ ಇರುವ ಕಿಟನ್ ಫುಡ್ಡೇ ಹಾಕುತ್ತಾರೆ. ಗುಂಡ ಚೆನ್ನಾಗಿ ತಿನ್ನುತ್ತಿದ್ದ. ಸೋಫಾ ಕೆಳಗೆ ಕಾಲುಚೀಲ ಬಚ್ಚಿಡುತ್ತಿದ್ದ. ಎಲ್ಲ ಸರಿಯಾಗಿಯೇ ಇತ್ತು.

ಆಮೇಲೆ ಈ ರಾ ಫುಡ್‌ನವರು ಸಿಕ್ಕರು. ಮೊದಲು ಮಾಡಿದ ಕೆಲಸ ಹೆದರಿಸಿದ್ದು. "ಮೇಡಂ, ಕಿಬಲ್‌ನಲ್ಲಿ ಪಿಷ್ಟ ಇರುತ್ತೆ. ಇದನ್ನೇ ಹಾಕ್ತಾ ಹೋದ್ರೆ ಇನ್ಸುಲಿನೋಮಾ ಗ್ಯಾರಂಟಿ." ಇನ್ಸುಲಿನೋಮಾ ಎಂದರೆ ಮೇದೋಜೀರಕದಲ್ಲಿ ಗಡ್ಡೆ. ಅದು ಇನ್ಸುಲಿನ್ ಸುರಿಸಿ ರಕ್ತದ ಸಕ್ಕರೆ ಇಳಿಸುತ್ತದೆ. ವಯಸ್ಸಾದ ಫೆರೆಟ್‌ಗಳಲ್ಲಿ ಇದು ಜಾಸ್ತಿ, ಅದು ನಿಜ. ಆಹಾರದಿಂದ ಬರಬಹುದು ಎಂದು ಅನುಮಾನ ಪಡುವವರು ಬಹಳ ಜನ ಇದ್ದಾರೆ, ಅದೂ ನಿಜ. ಆದರೆ ‘ಗ್ಯಾರಂಟಿ’ ಅಂತೆ! ಸಕ್ಕರೆ ಇಳಿಯುವ ಕಾಯಿಲೆಯ ಹೆಸರು ಹೇಳಿ ಹೆದರಿಸಿದರು. ಕೊನೆಗೆ ಹಸಿವಿನಲ್ಲಿ ಕೆಡವಿ ಅದೇ ಸಕ್ಕರೆ ಇಳಿಸಿದರು. ಇದನ್ನು ನೆನೆಸಿಕೊಂಡರೆ ನನಗೆ ನಿದ್ದೆ ಬರುವುದಿಲ್ಲ.

ಹಸಿ ಮಾಂಸ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಫೆರೆಟ್ ಮಾಂಸ ಬಿಟ್ಟು ಬೇರೆ ತಿಂದು ಬದುಕುವ ಪ್ರಾಣಿಯೇ ಅಲ್ಲ. ಸರಿಯಾಗಿ ಮಾಡಿದರೆ ಹಸಿ ಮಾಂಸ ಒಳ್ಳೆಯದೇ. ಆ ‘ಸರಿಯಾಗಿ’ ಅನ್ನುವುದಕ್ಕೇ ಅಲ್ವಾ ನಾನು ದುಡ್ಡು ಕೊಟ್ಟದ್ದು?

ಪಾರ್ಸೆಲ್ ಬಂತು. ಥರ್ಮೋಕೋಲ್ ಡಬ್ಬಿ, ಒಳಗೆ ಐಸ್ ಕರಗಿ ನೀರಾಗಿ ಪ್ಯಾಕೆಟ್‌ಗಳೆಲ್ಲ ತೇಲುತ್ತಿದ್ದವು. ಒತ್ತಿದರೆ ಮೆತ್ತಗೆ. ಫೋಟೋ ಕಳಿಸಿದೆ. "ಏನಾಗಲ್ಲ ಮೇಡಂ, ಮತ್ತೆ ಫ್ರೀಜರ್‌ಗೆ ಹಾಕಿ." ಒಮ್ಮೆ ಕರಗಿದ ಹಸಿ ಕೋಳಿಯನ್ನು ಮತ್ತೆ ಫ್ರೀಜ್ ಮಾಡಿ ಎಂದು ಮಾಂಸದ ವ್ಯಾಪಾರ ಮಾಡುವವರೇ ಹೇಳುತ್ತಾರೆ. ಸಾಲ್ಮೊನೆಲ್ಲಾ ಎಂಬ ರೋಗಾಣುವಿನ ಹೆಸರೇ ಕೇಳಿಲ್ಲವೋ ಏನೋ. ಪ್ಯಾಕೆಟ್ ಮೇಲೆ ತಯಾರಿಸಿದ ದಿನಾಂಕವೂ ಇಲ್ಲ. ಕೋಳಿ ಯಾವ ಫಾರಂನದು ಎಂದು ಕೇಳಿದೆ. 2025ರಲ್ಲಿ ನಮ್ಮದೇ ತಾಲ್ಲೂಕಿನ ವರದಹಳ್ಳಿಯಲ್ಲಿ ಹಕ್ಕಿಜ್ವರ ಬಂದದ್ದು ಈ ಕಡೆಯವರಿಗೆ ನೆನಪಿರುತ್ತೆ. ಅದಕ್ಕೇ ಕೇಳಿದ್ದು. "ನಮ್ಮದು ಸ್ಪೆಷಲ್ ಫಾರಂ ಮೇಡಂ." ಎಲ್ಲಿ? "ಅದು ಟ್ರೇಡ್ ಸೀಕ್ರೆಟ್." (ಫೆರೆಟ್‌ಗಳಿಗೆ ಫ್ಲೂ ಬಹಳ ಬೇಗ ಅಂಟುತ್ತದೆ. ಮನುಷ್ಯರ ಫ್ಲೂ ಕೂಡ. 1933ರಲ್ಲಿ ಲಂಡನ್‌ನ ವಿಜ್ಞಾನಿಗಳು ಮನುಷ್ಯರ ಫ್ಲೂ ವೈರಸ್ ಕಂಡುಹಿಡಿದದ್ದೇ ಫೆರೆಟ್‌ಗಳಿಗೆ ಅದನ್ನು ಅಂಟಿಸಿ ನೋಡಿ. ಮನೆಯಲ್ಲಿ ಯಾರಿಗಾದರೂ ನೆಗಡಿ, ಜ್ವರ ಇದ್ದರೆ ಎತ್ತಿಕೊಳ್ಳಬೇಡಿ.)

ಜೊತೆಗೆ ಒಂದು ಪಿಡಿಎಫ್. ‘ಗುಂಡನಿಗಾಗಿ ವಿಶೇಷ ಆಹಾರ ಯೋಜನೆ’ ಎಂದು ಅವನ ಫೋಟೋ ಹಾಕಿ ಬಣ್ಣಬಣ್ಣವಾಗಿ ಮಾಡಿದ್ದರು. ಮೊದಲ ಪುಟದಲ್ಲೇ ದಪ್ಪ ಅಕ್ಷರ: ಇವತ್ತಿನಿಂದ ಕಿಬಲ್ ಪೂರ್ತಿ ಬಂದ್.

ಗುಂಡ ಮೂಸಿ ನೋಡಿ ಹೊರಟುಹೋದ. ಅದು ತಿನ್ನುವ ವಸ್ತು ಎಂದೇ ಅವನಿಗೆ ಅನ್ನಿಸಲಿಲ್ಲ. ಯಾಕೆ ಎಂದು ಆಮೇಲೆ ಡಾಕ್ಟರ್ ಹೇಳಿದರು. ಫೆರೆಟ್ ಮರಿಗಳು ಮೊದಲ ಕೆಲವು ತಿಂಗಳಲ್ಲಿ ಯಾವ ವಾಸನೆಯನ್ನು ತಿಂದು ಬೆಳೆದವೋ ಅದನ್ನೇ ಆಹಾರ ಎಂದು ಗುರುತಿಡುತ್ತವೆ. ಬೇರೆಯದನ್ನು ಇಟ್ಟರೆ ಎಷ್ಟು ಹಸಿದರೂ ಕೆಲವು ಮುಟ್ಟುವುದಿಲ್ಲ. ಅದು ಹಠವಲ್ಲ, ಅದಕ್ಕೆ ನಿಜವಾಗಿಯೂ ಗೊತ್ತಾಗುವುದಿಲ್ಲ.

ನಾನು ಮೆಸೇಜ್ ಮಾಡಿದೆ, ತಿನ್ನುತ್ತಿಲ್ಲ ಎಂದು.

"ನಾರ್ಮಲ್ ಮೇಡಂ. ಸ್ಟ್ರೈಕ್ ಮಾಡ್ತಿದೆ. ನೀವು ಸೋತ್ರೆ ಅದು ಗೆದ್ದ ಹಾಗೆ."

ಹಸಿರು ಬಣ್ಣದ, ಲೋಳೆ ಲೋಳೆ ಕಕ್ಕ ಮಾಡಿದ. ಫೋಟೋ ಸಮೇತ ಕಳಿಸಿದೆ.

"ಡಿಟಾಕ್ಸ್ ಮೇಡಂ. ಕಿಬಲ್ ವಿಷ ಹೊರಗೆ ಬರ್ತಿದೆ."

ಸ್ವಲ್ಪ ಕಿಬಲ್ ಹಾಕಲಾ ಎಂದು ಕೇಳಿದೆ. ಅದಕ್ಕೆ ಬಂದ ಉತ್ತರ ಇವತ್ತೂ ಫೋನ್‌ನಲ್ಲಿದೆ. "ಒಂದು ಕಾಳು ಹಾಕಿದ್ರೂ ಪ್ರೋಗ್ರಾಂ ಝೀರೋಯಿಂದ ಶುರು. ಕಾಡಲ್ಲಿ ಇವಕ್ಕೆ ಕಿಬಲ್ ಯಾರು ಹಾಕ್ತಾರೆ ಮೇಡಂ?" ಕಾಡಂತೆ! ಫೆರೆಟ್ ಕಾಡುಪ್ರಾಣಿಯೇ ಅಲ್ಲ. ಯುರೋಪಿನ ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯನ್ನು ಜನ ಮೊಲ ಹಿಡಿಯುವುದಕ್ಕೆ ಸಾಕಿ, ಎರಡು ಸಾವಿರ ವರ್ಷಕ್ಕೂ ಹಿಂದಿನಿಂದ ಮನೆಯಲ್ಲೇ ಇಟ್ಟುಕೊಂಡು ಬಂದದ್ದು.

ಇಲ್ಲಿ ಒಂದು ಮಾತು, ಇದನ್ನು ಮಾತ್ರ ಮರೆಯಬೇಡಿ. ಫೆರೆಟ್‌ನ ಕರುಳು ತುಂಬ ಗಿಡ್ಡ. ತಿಂದದ್ದು ಮೂರು ನಾಲ್ಕು ಗಂಟೆಯಲ್ಲಿ ಆ ಕಡೆಯಿಂದ ಹೊರಗೆ. ಅದಕ್ಕೇ ಅವು ದಿನವಿಡೀ ಚೂರು ಚೂರು ತಿನ್ನುತ್ತಲೇ ಇರುತ್ತವೆ. ನಾಯಿ ಒಂದು ದಿನ ಉಪವಾಸ ಇದ್ದರೆ ಏನೂ ಆಗುವುದಿಲ್ಲ. ಫೆರೆಟ್‌ಗೆ, ಅದರಲ್ಲೂ ಮರಿಗೆ, ಆಗುತ್ತದೆ.

ಬೆಳಗ್ಗೆ ನೋಡಿದರೆ ಗುಂಡ ಎದ್ದು ನಿಲ್ಲಲಾರ. ಹಿಂಗಾಲು ಎಳೆಯುತ್ತಿದ್ದ. ಬಾಯಿಂದ ಜೊಲ್ಲು, ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುವುದು, ಕಣ್ಣು ಒಂದೇ ಕಡೆ ನೆಟ್ಟಿತ್ತು. ವಿಡಿಯೋ ಮಾಡಿ ಅವರಿಗೇ ಕಳಿಸಿದೆ. ಉತ್ತರ ಹಾಗೇ ಬರೆಯುತ್ತೇನೆ: "ಬಾಯಲ್ಲಿ ನೀರು ಬರ್ತಿದೆ ಅಂದ್ರೆ ಹಸಿವು ಶುರುವಾಗಿದೆ. ಗುಡ್ ಸೈನ್." ಪಕ್ಕದಲ್ಲಿ ಹೆಬ್ಬೆರಳು ಬೇರೆ.

ಹೆಬ್ಬೆರಳು! ಒದ್ದಾಡುತ್ತಿರುವ ಪ್ರಾಣಿಯ ವಿಡಿಯೋಗೆ!

ನಮ್ಮೂರಿನ ಪಶುವೈದ್ಯರಿಗೆ ಫೋನ್ ಮಾಡಿದೆ. ಅವರು ದಿನವೆಲ್ಲ ಹಸು, ಕುರಿ ನೋಡುವವರು. "ಫೆರೆಟ್ ನಾನು ಮುಟ್ಟಿಯೇ ಇಲ್ಲಮ್ಮ" ಎಂದು ನೇರವಾಗಿ ಹೇಳಿದರು. ಆದರೂ ಲಕ್ಷಣ ಕೇಳಿದ ತಕ್ಷಣ, ಒಸಡಿಗೆ ಜೇನುತುಪ್ಪ ಸವರಿ ಕರೆದುಕೊಂಡು ಬನ್ನಿ, ಫಿಟ್ಸ್ ಬಂದರೆ ಬಾಯೊಳಗೆ ಬೆರಳು ಹಾಕಬೇಡಿ ಎಂದರು. ಹೋದ ಮೇಲೆ ಸಕ್ಕರೆ ನೋಡಿದರು. 46. ಫೆರೆಟ್‌ಗೆ 90ರ ಮೇಲೆ ಇರಬೇಕಂತೆ. ಗ್ಲೂಕೋಸ್ ಹಾಕಿ, ಸ್ವಲ್ಪ ಚೇತರಿಸಿಕೊಂಡ ಮೇಲೆ ಬೆಂಗಳೂರಿಗೆ ಹೋಗಿ ತೋರಿಸಿ ಎಂದು ಕಳಿಸಿದರು. ಗೊತ್ತಿಲ್ಲ ಎಂದು ಹೇಳಿದವರು ಜೀವ ಉಳಿಸಿದರು. ಎಲ್ಲ ಗೊತ್ತು ಎಂದವರು ಹೆಬ್ಬೆರಳು ಕಳಿಸಿದರು.

ಹೆಬ್ಬಾಳದ ಕಡೆ ಇಂಥ ಪ್ರಾಣಿಗಳನ್ನು ನೋಡುವ ಡಾಕ್ಟರ್ ಒಬ್ಬರು ಇದ್ದಾರೆ. ಏನು ತಿನ್ನಿಸುತ್ತಿದ್ದೀರಿ ಎಂದು ಕೇಳಿದರು. ಫೋನ್ ತೆಗೆದು ಆ ಬಣ್ಣಬಣ್ಣದ ಪಿಡಿಎಫ್ ಕೊಟ್ಟೆ. ಅವರು ಒಂದೊಂದೇ ಪುಟ ತಳ್ಳುತ್ತಾ ಹೋದರು. ದಿನಕ್ಕೆ ಎರಡು ಊಟ. ಕ್ಯಾರೆಟ್, ಕುಂಬಳಕಾಯಿ ಐದರಲ್ಲಿ ಒಂದು ಪಾಲು. ಮೇಲೆ ಒಂದು ಚಮಚ ಮೊಸರು. ಮೂರನೇ ಪುಟದಲ್ಲಿ ನಿಂತು, ತಲೆ ಎತ್ತಿ ಕೇಳಿದರು.

"ಮನೇಲಿ ಲ್ಯಾಬ್ರಡಾರ್ ಕೂಡ ಇದೆಯಾ?"

ಇಲ್ಲ ಎಂದೆ. ಯಾಕೆ ಎಂದೆ. ಫೋನ್ ನನ್ನ ಕಡೆ ತಿರುಗಿಸಿದರು. ‘ನಿಮ್ಮ ಲ್ಯಾಬ್ರಡಾರ್ ಮರಿ ಊಟವಾದ ಮೇಲೆ ಅರ್ಧ ಗಂಟೆ ಓಡಾಡದಂತೆ ನೋಡಿಕೊಳ್ಳಿ.’

ಯಾವುದೋ ನಾಯಿಗೆ ಮಾಡಿದ ಪಟ್ಟಿ. ‘ಪಪ್ಪಿ’ ಎಂದು ಇದ್ದ ಕಡೆಯೆಲ್ಲ ‘ಫೆರೆಟ್’ ಎಂದು ತುರುಕಿದ್ದಾರೆ. ಒಂದು ಕಡೆ ಮರೆತಿದ್ದಾರೆ. ಡಾಕ್ಟರ್ ಏನೂ ಅನ್ನಲಿಲ್ಲ. ಪಕ್ಕದಲ್ಲಿ ಬೆಕ್ಕು ಹಿಡಿದು ಕೂತಿದ್ದವರು ಮಾತ್ರ ಕಿಸಕ್ಕನೆ ನಕ್ಕರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ನನಗೆ. ಆ ಪಟ್ಟಿಯನ್ನು ನಾನು ಪ್ರಿಂಟ್ ತೆಗೆಸಿ ಫ್ರಿಜ್ ಬಾಗಿಲಿಗೆ ಅಂಟಿಸಿದ್ದೆ. ಮನೆಯಲ್ಲಿ ಎಲ್ಲರೂ ಅದನ್ನೇ ನೋಡಿ ನೋಡಿ ನಡೆದುಕೊಳ್ಳುತ್ತಿದ್ದೆವು. ಶನಿವಾರ ಮಾಂಸ ಇರುವ ಫ್ರಿಜ್ ಮುಟ್ಟದ ನಮ್ಮಮ್ಮ ಕೂಡ ಗುಂಡನಿಗಾಗಿ ಸುಮ್ನೆ ಸಹಿಸಿಕೊಂಡಿದ್ದರು.

ತರಕಾರಿ ಬಗ್ಗೆ ಕೇಳಿದೆ. ಫೆರೆಟ್‌ಗೆ ನಾರು ಅರಗಿಸುವ ಅಂಧಾಂತ್ರವೇ (ಕರುಳಿನ ಚೀಲದಂಥ ಭಾಗ) ಇಲ್ಲ, ತರಕಾರಿ ಹಾಕಿದರೆ ಹೋದ ಹಾಗೇ ಹೊರಗೆ ಬರುತ್ತದೆ ಎಂದರು. ಮಾಂಸದ ಪ್ಯಾಕೆಟ್ ಒಂದನ್ನು ಒಯ್ದಿದ್ದೆ. ಅವರು ಬೆರಳಲ್ಲಿ ತಿಕ್ಕಿ ನೋಡಿದರು. ಎಲುಬಿನ ಒಂದು ಹರಳೂ ಇಲ್ಲ. ಸಾಮಾನ್ಯವಾಗಿ ಹಸಿ ಮಾಂಸ ಹಾಕುವವರು ಸುಮಾರು ಎಂಟು ಪಾಲು ಮಾಂಸ, ಒಂದು ಪಾಲು ಹಸಿ ಎಲುಬು, ಒಂದು ಪಾಲು ಅಂಗಾಂಗ, ಅದರಲ್ಲಿ ಅರ್ಧ ಲಿವರ್ ಎಂದು ಲೆಕ್ಕ ಇಡುತ್ತಾರೆ. ಎಲುಬಿಲ್ಲದ ಬರೀ ಮಾಂಸ ತಿಂಗಳುಗಟ್ಟಲೆ ಹಾಕಿದರೆ ಕ್ಯಾಲ್ಸಿಯಂ ಇಲ್ಲದೆ ಬೆಳೆಯುವ ಮರಿಯ ಮೂಳೆಯೇ ಮೆತ್ತಗಾಗುತ್ತದೆ.

ಆಸ್ಪತ್ರೆಯ ಹೊರಗೆ ನಿಂತೇ ಆ ಪ್ಯಾಕೇಜ್ ಮಾರಿದವರಿಗೆ ಬರೆದೆ. ಎಲುಬು ಎಲ್ಲಿ?

"ತುಂಬಾ ನುಣ್ಣಗೆ ಅರೆದಿರ್ತೀವಿ ಮೇಡಂ, ಕಾಣಲ್ಲ."

ಡಾಕ್ಟರ್ ತಿಕ್ಕಿ ನೋಡಿದ್ದಾರೆ, ಇಲ್ಲ ಎಂದೆ.

"ಓ, ನೀವು ಬೇಸಿಕ್ ಪ್ಯಾಕ್ ತಗೊಂಡಿದ್ದೀರ. ಬೋನ್ ಆಡ್-ಆನ್. 650 ಎಕ್ಸ್‌ಟ್ರಾ. ಕಳಿಸ್ಲಾ?"

ಹೌದು, ‘ಕಳಿಸ್ಲಾ’ ಎಂದು ಕೇಳಿದರು. ನಾನು ಲ್ಯಾಬ್ರಡಾರ್ ಪುಟದ ಫೋಟೋ ಕಳಿಸಿದೆ. ತುಂಬ ಹೊತ್ತು ‘ಟೈಪಿಂಗ್’ ಎಂದು ತೋರಿಸುತ್ತಿತ್ತು. ಬಂದದ್ದು ಇಷ್ಟು: "ಟೈಪಿಂಗ್ ಮಿಸ್ಟೇಕ್ ಮೇಡಂ. ಎರಡೂ ಮಾಂಸ ತಿನ್ನೋ ಪ್ರಾಣಿನೇ ಅಲ್ವಾ."

ದುಡ್ಡು ವಾಪಸ್ ಕೇಳಿದೆ. ಪ್ಯಾಕೆಟ್ ಓಪನ್ ಆಗಿದೆ, ಆಗಲ್ಲ. ಡಾಕ್ಟರ್ ಬಿಲ್ ಕಳಿಸಿದೆ. "ನಿಮ್ಮ ಪ್ರಾಣಿಗೆ ಮೊದಲೇ ಪ್ರಾಬ್ಲಂ ಇತ್ತು ಅನ್ಸುತ್ತೆ." ಇನ್ನೂ ಜೋರಾಗಿ ಕೇಳಿದಾಗ ಅರ್ಧ ದುಡ್ಡಿಗೆ ಕ್ರೆಡಿಟ್ ಪಾಯಿಂಟ್ ಕೊಡ್ತೀವಿ, ಮುಂದಿನ ಆರ್ಡರ್‌ಗೆ ಬಳಸಿ ಎಂದರು. ಮುಂದಿನ ಆರ್ಡರ್! ಆಮೇಲೆ ಆ ಲೀಗಲ್ ಮೆಸೇಜ್, ಅದಾದ ಮೇಲೆ ಬ್ಲಾಕ್.

ಹಸಿ ಮಾಂಸಕ್ಕೆ ಬದಲಿಸಲೇಬೇಕು ಎನ್ನುವವರಿಗೆ ಡಾಕ್ಟರ್ ಹೇಳಿದ್ದನ್ನು ಹೇಳುತ್ತೇನೆ. ಹೊಸದಾಗಿ ತಂದ ಪ್ರಾಣಿ ಮೊದಲು ಮನೆಗೆ ಹೊಂದಿಕೊಳ್ಳಲಿ, ತಂದ ವಾರವೇ ಆಹಾರ ಬದಲಿಸಬೇಡಿ. ಹಳೆಯ ಕಿಬಲ್ ಬಟ್ಟಲನ್ನು ಎತ್ತಿಡಲೇಬೇಡಿ. ಕಿಬಲ್ ಪುಡಿಯನ್ನು ಬಿಸಿನೀರಿನಲ್ಲಿ ನೆನೆಸಿ, ಅದಕ್ಕೆ ಚಿಟಿಕೆಯಷ್ಟು ಮಾಂಸ ಸೇರಿಸಿ ಬೆರಳಲ್ಲಿ ನೆಕ್ಕಿಸಿ. ವಾರಗಳೇ ಹಿಡಿಯುತ್ತವೆ, ಕೆಲವಕ್ಕೆ ತಿಂಗಳುಗಳು. ಬೇಯಿಸಿದ ಎಲುಬು ಬೇಡ, ಅದು ಸಿಗಿದು ಕರುಳಿಗೆ ಚುಚ್ಚುತ್ತದೆ. ಟಾರಿನಂತೆ ಕಪ್ಪು ಕಕ್ಕ ಕಂಡರೆ ಯಾರಿಗೂ ಮೆಸೇಜ್ ಮಾಡುತ್ತಾ ಕೂರಬೇಡಿ, ಹೊಟ್ಟೆಯೊಳಗೆ ರಕ್ತ ಹೋಗುತ್ತಿರಬಹುದು, ಗಾಡಿ ಹತ್ತಿ. ಮತ್ತೆ, ಯಾವ ‘ಪ್ಲಾನ್’ ಬಂದರೂ ದುಡ್ಡು ಕಟ್ಟುವ ಮೊದಲೇ ಪೂರ್ತಿ ಪಟ್ಟಿ ಕಳಿಸಿ ಎನ್ನಿ. ಕಳಿಸದಿದ್ದರೆ ಬಿಡಿ. ಕಳಿಸಿದರೆ ತರಕಾರಿ ಇದೆಯಾ ನೋಡಿ. ಇದ್ದರೆ ಅದು ನಾಯಿಯದ್ದು.

ಗುಂಡ ಈಗ ಹುಷಾರಾಗಿದ್ದಾನೆ. ಕಿಬಲ್ಲೇ ತಿನ್ನುತ್ತಾನೆ. ಸಂಜೆ ಬೆರಳ ತುದಿಯಲ್ಲಿ ಸ್ವಲ್ಪ ಕೋಳಿ, ಬಿ.ಬಿ. ರಸ್ತೆಯ ಅಂಗಡಿಯಿಂದ ಅವತ್ತೇ ಕತ್ತರಿಸಿ ತಂದದ್ದು. ಒಂದು ದಿನ ನೆಕ್ಕುತ್ತಾನೆ, ಇನ್ನೊಂದು ದಿನ ಮುಖ ತಿರುಗಿಸುತ್ತಾನೆ. ಆತುರ ಇಲ್ಲ.

1915ಕ್ಕೆ, ಅದೇ ಗ್ರಾಹಕ ಸಹಾಯವಾಣಿಗೆ, ದೂರು ಕೊಟ್ಟಿದ್ದೇನೆ. ದೂರಿನ ನಂಬರ್ ಬಂದಿದೆ. ಚಾಟ್, ಬಿಲ್, ಪಿಡಿಎಫ್ ಎಲ್ಲ ಇಟ್ಟುಕೊಂಡಿದ್ದೇನೆ. ನಿಮಗೂ ಮೂರನೇ ಪುಟದಲ್ಲಿ ಲ್ಯಾಬ್ರಡಾರ್ ಇರುವ ಪಿಡಿಎಫ್ ಬಂದಿದ್ದರೆ ಅಳಿಸಬೇಡಿ. ನೀವೂ ದೂರು ಕೊಡಿ.